ಒತ್ತಡದ ಒಳಗುಟ್ಟು

1920ರ ದಶಕದಲ್ಲಿ ಪ್ರಾಗ್ ನಗರದ ವೈದ್ಯಕೀಯ ವಿದ್ಯಾಲಯವೊಂದರಲ್ಲಿ ಅಧ್ಯಾಪಕರೊಬ್ಬರು ರೋಗಿಗಳನ್ನು ಒಬ್ಬೊಬ್ಬರಾಗಿ ಕರೆಸಿ, ಯಾರಿಗೆ ಯಾವ ರೋಗ, ಅದರ ವಿಶೇಷ ಲಕ್ಷಣಗಳಾವುವು ಎಂಬುದನ್ನು ವಿವರಿಸುತ್ತಿದ್ದರು. ಅವರ ಮುಂದೆ ಕುಳಿತಿದ್ದ ಹ್ಯಾನ್ಸ್ ಸೆಲ್ಯೆ ಎಂಬ ತರುಣನ ಮನಸ್ಸು ಮಾತ್ರ ಬೇರೊಂದು ಸಂಗತಿಯಲ್ಲಿ ನೆಟ್ಟಿತ್ತು. ರೋಗ ಯಾವುದೇ ಆಗಿರಲಿ, ಎಲ್ಲರೂ ಬಳಲಿದ್ದರು, ಎಲ್ಲರಿಗೂ ಹಸಿವು ಕುಗ್ಗಿತ್ತು, ಮೈಕೈ ನೋವಿತ್ತು. ಬೇರೆ ಬೇರೆ ರೋಗಗಳಿಗೆ ಈ ಸಮಾನ ಲಕ್ಷಣಗಳೇಕೆ? ಆಗ ಈ ಪ್ರಶ್ನೆಗೆ ಉತ್ತರ ದೊರೆಯಲಿಲ್ಲ.

1907ರಲ್ಲಿ ವಿಯೆನ್ನಾದಲ್ಲಿ ಜನಿಸಿದ ಸೆಲ್ಯೆ ಮುಂದೆ ಕೆನಡಾದ ಮಾಂಟ್ರಿಯಲ್ ನಗರದ ಮೆಕ್‌ಗಿಲ್ ವಿಶ್ವವಿದ್ಯಾನಿಲಯವನ್ನು ಸೇರಿದರು. ಹೊಸ ಹಾರ್ಮೋನೊಂದನ್ನು ಅರಸುತ್ತ ಅವರು ಇಲಿಗಳಿಗೆ ಗ್ರಂಥಿಯ ಸಾರವನ್ನು ಚುಚ್ಚಿ ನೋಡಿದರು. ಇಲಿಗಳ ಅಡ್ರಿನಲ್ ಗ್ರಂಥಿಗಳು ದೊಡ್ಡದಾದವು. ಥೈಮಸ್ ಗ್ರಂಥಿ ಕುಗ್ಗಿತು. ಜಠರದಲ್ಲಿ ಹುಣ್ಣುಗಳು ಕಾಣಿಸಿದವು. ಹೊಸ ಹಾರ್ಮೋನು ದೊರೆಯಿತೆಂದು ಅವರು ಹಿಗ್ಗಿದರು. ಆದರೆ ಫಾರ್ಮಲಿನ್ ಎಂಬ ವಿಷದ್ರವವನ್ನು ಚುಚ್ಚಿದಾಗಲೂ ಅದೇ ಪರಿಣಾಮ ಉಂಟಾಯಿತು. ಅವರ ಆಸೆ ಮಣ್ಣುಗೂಡಿತು. ಆ ನಿರಾಶೆಯ ನಡುವೆಯೇ ಪ್ರಾಗ್ ನಗರದ ರೋಗಿಗಳು ಅವರ ನೆನಪಿಗೆ ಬಂದರು. ಚಳಿ, ಗಾಯ, ಅತಿಶ್ರಮ, ವಿಷ—ಕಾರಣ ಯಾವುದೇ ಇದ್ದರೂ ದೇಹವು ಒಂದು ಸಮಾನ ರೀತಿಯಲ್ಲಿ ಪ್ರತಿಕ್ರಿಯಿಸುತ್ತದೆಂದು 1936ರಲ್ಲಿ ಅವರು ಪ್ರಕಟಿಸಿದರು. ಸೋಲಿನಿಂದಲೇ ಮೂಡಿದ ಈ ಅರಿವು ಮುಂದೆ ‘ಒತ್ತಡ’ವೆಂಬ ಹೆಸರಿನಿಂದ ಪ್ರಸಿದ್ಧವಾಯಿತು.

ಸೆಲ್ಯೆಯವರ ಪ್ರಕಾರ ಒತ್ತಡಕ್ಕೆ ಮೂರು ಹಂತಗಳಿವೆ: ಎಚ್ಚರಿಕೆ, ಪ್ರತಿರೋಧ, ಬಳಲಿಕೆ. ಅಪಾಯವನ್ನು ಕಂಡೊಡನೆ ಮೂತ್ರಪಿಂಡಗಳ ಮೇಲಿರುವ ಅಡ್ರಿನಲ್ ಗ್ರಂಥಿಗಳು ಅಡ್ರಿನಲಿನ್ ಎಂಬ ಹಾರ್ಮೋನನ್ನು ರಕ್ತಕ್ಕೆ ಸೇರಿಸುತ್ತವೆ. ಎದೆಬಡಿತ ಏರುತ್ತದೆ; ಸ್ನಾಯುಗಳಿಗೆ ರಕ್ತ ನುಗ್ಗುತ್ತದೆ; ಜೀರ್ಣಕ್ರಿಯೆ ನಿಧಾನವಾಗುತ್ತದೆ. ಹೋರಾಡಲು ಇಲ್ಲವೆ ಓಡಲು ದೇಹ ಹೀಗೆ ಅಣಿಯಾಗುತ್ತದೆಂಬುದನ್ನು ಅಮೆರಿಕದ ವಿಜ್ಞಾನಿ ವಾಲ್ಟರ್ ಕ್ಯಾನನ್ 1915ರಲ್ಲಿಯೇ ವಿವರಿಸಿದ್ದರು. ಅಪಾಯ ಮುಂದುವರಿದರೆ ದೇಹವು ಕೆಲಕಾಲ ಅದನ್ನು ಎದುರಿಸಿ ನಿಲ್ಲುತ್ತದೆ. ಬಿಡುವೇ ದೊರೆಯದಿದ್ದರೆ ಕೊನೆಗೆ ಸೋಲುತ್ತದೆ.

ಹಾದಿಯಲ್ಲಿ ಕಂಡ ಹಾವು ಕ್ಷಣದಲ್ಲಿ ಸರಿದುಹೋಗುತ್ತದೆ; ಪರೀಕ್ಷೆಯ ಚಿಂತೆ ತಿಂಗಳುಗಟ್ಟಲೆ ಉಳಿಯುತ್ತದೆ. ದೇಹವಾದರೋ ಎರಡಕ್ಕೂ ಅಣಿಯಾಗುತ್ತದೆ. ಆದರೆ ಒತ್ತಡವೆಲ್ಲವೂ ಕೆಡುಕಲ್ಲ. ಹಿತಮಿತವಾದ ಒತ್ತಡ ವಿದ್ಯಾರ್ಥಿಯನ್ನು ಓದಿಗೆ ಹಚ್ಚುತ್ತದೆ, ಆಟಗಾರನನ್ನು ಚುರುಕುಗೊಳಿಸುತ್ತದೆ. ಒಂದೇ ಸನ್ನಿವೇಶವು ಒಬ್ಬನಿಗೆ ಬೆದರಿಕೆಯಾಗಿಯೂ ಮತ್ತೊಬ್ಬನಿಗೆ ಸವಾಲಾಗಿಯೂ ತೋರಬಹುದೆಂಬುದನ್ನು, ಆ ನೋಟಕ್ಕೆ ತಕ್ಕಂತೆ ದೇಹದ ಪ್ರತಿಕ್ರಿಯೆಯೂ ಬದಲಾಗುವುದೆಂಬುದನ್ನು ಅನಂತರದ ಸಂಶೋಧನೆಗಳು ತೋರಿಸಿವೆ.

ಆದುದರಿಂದ ಒತ್ತಡವನ್ನು ಹತೋಟಿಯಲ್ಲಿಡುವುದು ಕಲಿಯಬಹುದಾದ ವಿದ್ಯೆ. ದೊಡ್ಡ ಪಾಠವನ್ನು ಸಣ್ಣ ಭಾಗಗಳಾಗಿ ಮಾಡಿಕೊಂಡು ದಿನವೂ ಓದಿದರೆ ಭಯದ ಭಾರ ಇಳಿಯುತ್ತದೆ. ಉಸಿರನ್ನು ನಿಧಾನವಾಗಿ ಹೊರಬಿಟ್ಟರೆ ಎದೆಬಡಿತ ತಗ್ಗುತ್ತದೆ. ಆಟ ಮತ್ತು ನಡಿಗೆಗಳಿಂದ ಮೈಮನಸ್ಸುಗಳು ಹಗುರವಾಗುತ್ತವೆ. ಹದಿಹರೆಯದವರಿಗೆ ಎಂಟರಿಂದ ಹತ್ತು ಗಂಟೆಗಳ ನಿದ್ರೆ ಅಗತ್ಯ. ಚಿಂತೆ ಅತಿಯಾದಾಗ ಅದನ್ನು ಹಿರಿಯರ ಅಥವಾ ಅಧ್ಯಾಪಕರ ಮುಂದೆ ಹೇಳಿಕೊಳ್ಳುವುದು ದೌರ್ಬಲ್ಯವಲ್ಲ, ವಿವೇಕ. ಅಷ್ಟಕ್ಕೂ ಕಡಮೆಯಾಗದಿದ್ದರೆ ವೈದ್ಯರನ್ನು ಕಾಣಬೇಕು.

ರೈತನು ಎತ್ತುಗಳನ್ನು ಹಗಲೆಲ್ಲ ನೊಗದಲ್ಲಿಯೇ ಇರಿಸುವುದಿಲ್ಲ. ಬಿಸಿಲೇರಿದಾಗ ನೊಗವಿಳಿಸಿ, ನೀರು ಕುಡಿಸಿ, ನೆರಳಿಗೆ ಕಟ್ಟುತ್ತಾನೆ. ಮರುದಿನದ ಉಳುಮೆಗೆ ಅವು ಒದಗುವುದು ಈ ಬಿಡುವಿನಿಂದಲೇ.