ಮಂಜಿನಲ್ಲಿ ಚಿತ್ರ ತೆಗೆಯುವ ಬಗೆ: ಭರತಪುರದ ಒಂದು ಪಾಠ

ಉತ್ತರದ ಊರುಗಳಲ್ಲಿ ದುಡಿಯುವ ನಮಗೆ ಡಿಸೆಂಬರ್, ಜನವರಿ ತಿಂಗಳ ಮಂಜು ಎಂದರೆ ತಡವಾಗಿ ಬರುವ ರೈಲು, ಕಣ್ಣಿಗೆ ಕಾಣದ ಬಸ್ಸಿನ ನಂಬರು, ಕಚೇರಿಯ ಹಾಜರಿಯಲ್ಲಿ ತಡದ ಗುರುತು. ಅದೇ ಮಂಜು ನೀರಿನ ಮೇಲೆ, ಮರಗಳ ನಡುವೆ ಹಬ್ಬಿದಾಗ ಎಷ್ಟು ಸೊಗಸಾದುದೆಂದು ನೋಡಲು ನಮ್ಮಲ್ಲಿ ಅನೇಕರಿಗೆ ಬಿಡುವೇ ಆಗುವುದಿಲ್ಲ. ಬಿಡುವು ಮಾಡಿಕೊಂಡು, ಕೈಯಿಂದ ನಾಲ್ಕು ಕಾಸು ಖರ್ಚು ಮಾಡಿ ಹೋದವರು ಚಿತ್ರಗಳನ್ನು ಊರಿಗೆ ಕಳುಹಿಸಿದರೆ, “ಏನಪ್ಪಾ ಇದು, ಎಲ್ಲಾ ಹೊಗೆ ಹಿಡಿದಂತಿದೆಯಲ್ಲ!” ಎಂದು ಮನೆಯವರು ಕೇಳುವುದುಂಟು. ಕಣ್ಣಿಗೆ ಬೆಳ್ಳಗೆ ಕಂಡದ್ದು ಚಿತ್ರದಲ್ಲಿ ಬೂದಿಯ ಬಣ್ಣವಾಗುವುದೇಕೆ, ಅದನ್ನು ಸರಿಪಡಿಸುವುದು ಹೇಗೆ ಎಂಬುದೇ ಈ ಸಲದ ಪಾಠ. ಇದಕ್ಕೆ ದುಬಾರಿ ಕ್ಯಾಮರಾ ಬೇಕಿಲ್ಲ. ಜೇಬಿನಲ್ಲಿರುವ ಮೊಬೈಲೇ ಸಾಕು.

ಪಾಠಕ್ಕೆ ನಾವು ಆರಿಸಿಕೊಂಡಿರುವ ಸ್ಥಳ ರಾಜಸ್ಥಾನದ ಭರತಪುರದಲ್ಲಿರುವ ಕೇವಲಾದೇವ ರಾಷ್ಟ್ರೀಯ ಉದ್ಯಾನ. ದೆಹಲಿಯಿಂದ ಮಥುರಾ, ಕೋಟಾ ಮಾರ್ಗವಾಗಿ ಮುಂಬಯಿಗೆ ಹೋಗುವ ರೈಲುದಾರಿಯಲ್ಲೇ ಭರತಪುರವಿದೆ. ಉದ್ಯಾನದ ವಿಸ್ತಾರ ಸುಮಾರು 29 ಚದರ ಕಿಲೋಮೀಟರು. ಅದರೊಳಗಿರುವ ಶಿವನ ಗುಡಿಯಿಂದ ಅದಕ್ಕೆ ಆ ಹೆಸರು ಬಂದಿದೆ. ತಗ್ಗು ನೆಲಕ್ಕೆ ಅಜಾನ್ ಒಡ್ಡಿನಿಂದ ನೀರು ಹಾಯಿಸಿ ಮನುಷ್ಯರೇ ಮಾಡಿದ ಜೌಗು ಇದು. 1985ರಲ್ಲಿ ವಿಶ್ವ ಪರಂಪರೆಯ ತಾಣಗಳ ಪಟ್ಟಿಗೆ ಸೇರಿತು. ಹಿಮಾಲಯವನ್ನು ದಾಟಿ ಬರುವ ಪಟ್ಟೆತಲೆಯ ಹೆಬ್ಬಾತು ಇಲ್ಲಿ ಚಳಿಗಾಲ ಕಳೆಯುತ್ತದೆ. ಅದೇ ಜಾತಿಯ ಹಕ್ಕಿ ನಮ್ಮ ಗದಗ ಜಿಲ್ಲೆಯ ಮಾಗಡಿ ಕೆರೆಗೂ ಬರುತ್ತದೆ. ಶನಿವಾರ ಸಂಜೆ ಹೋಗಿ ರಾತ್ರಿ ಊರಿನಲ್ಲಿ ತಂಗಿದರೆ, ಭಾನುವಾರ ಮುಂಜಾನೆ ಉದ್ಯಾನದ ಬಾಗಿಲು ತೆರೆದೊಡನೆ ಸೈಕಲ್ಲಿನಲ್ಲೋ ನಡೆದೋ ಒಳಗೆ ಹೋಗಬಹುದು.

ಮುಂಜಾನೆಯೇ ಏಕೆಂದರೆ, ಮಂಜು ಹುಟ್ಟುವುದು ಇರುಳಿನಲ್ಲಿ. ಮೋಡವೂ ಗಾಳಿಯೂ ಇಲ್ಲದ ರಾತ್ರಿಯಲ್ಲಿ ನೆಲ ತನ್ನ ಕಾವನ್ನೆಲ್ಲ ಕಳೆದುಕೊಂಡು ತಣ್ಣಗಾಗುತ್ತದೆ. ಅದನ್ನು ಮುಟ್ಟಿಕೊಂಡಿರುವ ತೇವದ ಗಾಳಿಯೂ ತಣಿದು, ಅದರಲ್ಲಿರುವ ನೀರಾವಿ ಸಣ್ಣ ಸಣ್ಣ ಹನಿಗಳಾಗಿ ತೇಲುತ್ತದೆ. ಬಿಸಿಲೇರಿದಂತೆ ಹನಿಗಳು ಆರಿಹೋಗುತ್ತವೆ. ಆದುದರಿಂದ ಮಂಜು ತೆಳುವಾಗತೊಡಗುವ ಸ್ವಲ್ಪ ಹೊತ್ತೇ ಚಿತ್ರಕ್ಕೆ ತಕ್ಕ ಸಮಯ.

ಇನ್ನು ಬಣ್ಣದ ವಿಷಯ. ಕ್ಯಾಮರಾಕ್ಕೆ ಬೆಳಕನ್ನು ಅಳೆಯಲು ಬರುತ್ತದೆಯೇ ಹೊರತು, ಎದುರಿಗಿರುವುದು ಮಂಜೋ ಮಸಿಯೋ ಎಂದು ತಿಳಿಯುವುದು ಕಷ್ಟ. ತನ್ನ ಮೇಲೆ ಬಿದ್ದ ಬೆಳಕಿನಲ್ಲಿ ನೂರಕ್ಕೆ ಸುಮಾರು 18 ಪಾಲನ್ನು ಹಿಂದಿರುಗಿಸುವ ನಡುವಣ ಬೂದುಬಣ್ಣವನ್ನು ಅಳತೆಗೋಲಾಗಿ ಇಟ್ಟುಕೊಂಡು, ಎದುರಿನ ದೃಶ್ಯವೂ ಒಟ್ಟಿನಲ್ಲಿ ಅಷ್ಟೇ ಎಂದು ಅದು ಭಾವಿಸುತ್ತದೆ. ಮಂಜು ಅದಕ್ಕಿಂತ ಬಹಳ ಬೆಳ್ಳಗಿರುವುದರಿಂದ, ಬೆಳಕು ಹೆಚ್ಚಾಯಿತೆಂದು ತಿಳಿದು ತಾನೇ ತಗ್ಗಿಸಿಬಿಡುತ್ತದೆ. ಮನೆಯವರು ಕಂಡ ಹೊಗೆ ಇದೇ. ಹಿಮ ಬಿದ್ದ ಬೆಟ್ಟದಲ್ಲಿಯೂ ಆಗುವುದು ಇದೇ.

ಪರಿಹಾರ ಸುಲಭ. ಮೊಬೈಲಿನ ಪರದೆಯಲ್ಲಿ ಕಪ್ಪಾದ ಕಾಂಡವೊಂದರ ಅಂಚನ್ನು ಬೆರಳಿನಿಂದ ಮುಟ್ಟಿ. ಬರಿಯ ಮಂಜನ್ನು ಮುಟ್ಟಿದರೆ ಕ್ಯಾಮರಾಕ್ಕೆ ಹಿಡಿತ ಸಿಗದೆ ಚಿತ್ರ ಮಸುಕಾಗುತ್ತದೆ. ಅನೇಕ ಮೊಬೈಲುಗಳಲ್ಲಿ ಪಕ್ಕದಲ್ಲೇ ಸೂರ್ಯನ ಗುರುತು ಕಾಣಿಸುತ್ತದೆ. ಅದನ್ನು ಮೇಲಕ್ಕೆ ಸರಿಸಿದರೆ ಚಿತ್ರ ಬೆಳಗುತ್ತದೆ, ಕೆಳಕ್ಕೆ ಸರಿಸಿದರೆ ಕಪ್ಪಾಗುತ್ತದೆ. ಮಂಜು ಬೆಳ್ಳಗಾಗುವವರೆಗೆ ಸರಿಸಿ. ಆದರೆ ದೂರದ ಮರದ ನೆರಳು ಅಳಿಸಿಹೋಗುವ ಮೊದಲೇ ನಿಲ್ಲಿಸಿ. ದೊಡ್ಡ ಕ್ಯಾಮರಾ ಉಳ್ಳವರು ಕೂಡು ಗುರುತಿನ ಕಡೆಗೆ ಒಂದು ಮೆಟ್ಟಿಲು ಏರಿಸಿ ನೋಡಬೇಕು. ಒಂದು ಮೆಟ್ಟಿಲೆಂದರೆ ಇಮ್ಮಡಿ ಬೆಳಕು. ಫ್ಲಾಷ್ ಮಾತ್ರ ಕೂಡದು. ಮಂಜಿನಲ್ಲಿ ಬಸ್ಸಿನ ದೀಪ ಮುಂದಿನ ದಾರಿಯನ್ನು ಬಿಟ್ಟು ಬಿಳಿ ಗೋಡೆಯನ್ನು ತೋರಿಸುವಂತೆ, ಫ್ಲಾಷಿನ ಬೆಳಕನ್ನೂ ಹನಿಗಳು ನಮ್ಮ ಕಡೆಗೇ ತಿರುಗಿಸುತ್ತವೆ.

ಎರಡನೆಯ ಮಾತು, ಚಿತ್ರದ ಜೋಡಣೆ. ಮಂಜಿನಲ್ಲಿ ಹತ್ತಿರದ್ದು ಕಪ್ಪಾಗಿಯೂ, ನಡುವಿನದು ಮಸುಕಾಗಿಯೂ, ದೂರದ್ದು ಹೆಚ್ಚು ಕಡಿಮೆ ಬಿಳಿಯಾಗಿಯೂ ಕಾಣುತ್ತದೆ. ಈ ಮೂರೂ ಇದ್ದರೆ ಚಿತ್ರಕ್ಕೆ ಆಳ ಬರುತ್ತದೆ. ಹತ್ತಿರದ್ದಿಲ್ಲದಿದ್ದರೆ ಬರಿಯ ಬಿಳಿ ಹಾಳೆ. ಹತ್ತಿರಕ್ಕೆ ಜಾಲಿಯ ಒಂದು ಕೊಂಬೆ ಸಾಕು, ಸೈಕಲ್ ರಿಕ್ಷಾದವನು ಸಾಕು. ರೆಕ್ಕೆ ಹರಡಿ ಒಣಗಿಸಿಕೊಳ್ಳುವ ಹಾವಕ್ಕಿ ಸಿಕ್ಕರಂತೂ ಅದೃಷ್ಟ. ಸೂರ್ಯನಿಗೆ ಎದುರಾಗಿ ನಿಂತರೆ ಮಂಜು ಹೊಳೆಯುತ್ತದೆ, ಕೊಂಬೆಗಳ ಆಕಾರ ಎದ್ದು ಕಾಣುತ್ತದೆ. ಬಣ್ಣ ಕಡಿಮೆಯಾದೀತೆಂಬ ಚಿಂತೆ ಬೇಡ. ನಮ್ಮ ರಾಜ್ಯದ ಹಣಕಾಸು ಮಂತ್ರಿಗಳಾಗಿದ್ದ ಸಂಡೂರಿನ ಎಂ. ವೈ. ಘೋರ್ಪಡೆಯವರು ವನ್ಯಜೀವಿಗಳ ಕಪ್ಪುಬಿಳುಪು ಚಿತ್ರಗಳಿಗೆ ಹೆಸರಾದವರೆಂಬುದನ್ನು ನೆನೆಯಬಹುದು.

ಮೂರನೆಯದು, ಸಾಮಾನಿನ ಜೋಪಾನ. ಚಳಿಯಲ್ಲಿ ಬ್ಯಾಟರಿಯ ಶಕ್ತಿ ಕುಗ್ಗುತ್ತದೆ. ಮೊಬೈಲನ್ನು ಸ್ವೆಟರಿನ ಒಳಗೆ ಮೈಗೆ ತಾಗಿಸಿ ಇಟ್ಟುಕೊಳ್ಳಿ. ಗಾಜಿನ ಮೇಲೆ ಕೂತ ಹನಿಯನ್ನು ಹಳೆಯ ಮೆತ್ತನೆಯ ಹತ್ತಿಬಟ್ಟೆಯಿಂದ ಆಗಾಗ ಒರೆಸಿ. ತಣ್ಣಗಿರುವ ಕ್ಯಾಮರಾವನ್ನು ಬೆಚ್ಚಗಿನ ಕೋಣೆಗೆ ತರುವ ಮುಂಚೆ ಪ್ಲಾಸ್ಟಿಕ್ ಚೀಲದಲ್ಲಿಟ್ಟು ಬಾಯಿ ಕಟ್ಟಿ, ಬೆಚ್ಚಗಾದ ಮೇಲೆಯೇ ಬಿಚ್ಚಬೇಕು. ಹೀಗೆ ಮಾಡಿದರೆ ತೇವ ಚೀಲದ ಹೊರಗೆ ಕೂರುತ್ತದೆ, ಒಳಗೆ ಇಳಿಯುವುದಿಲ್ಲ.

ಕೊನೆಯದಾಗಿ, ನಡತೆಯ ಮಾತು. ಇದೇ ನೀರಿನ ಮೇಲೆ 1938ರ ನವೆಂಬರಿನಲ್ಲಿ ವೈಸರಾಯ್ ಲಿನ್ಲಿತ್ಗೋ ಅವರ ಬೇಟೆಯ ಕೂಟ ಒಂದೇ ದಿನ 4,273 ಹಕ್ಕಿಗಳನ್ನು ಹೊಡೆಯಿತು. ಅಂಥ ಬೇಟೆಗಳ ಲೆಕ್ಕವನ್ನು ಕೆತ್ತಿಸಿದ ಕಲ್ಲುಗಳು ಇಂದಿಗೂ ಗುಡಿಯ ಬಳಿ ನಿಂತಿವೆ. ಪ್ರತಿ ಚಳಿಗಾಲ ಬರುತ್ತಿದ್ದ ಸೈಬೀರಿಯಾದ ಬಿಳಿ ಕೊಕ್ಕರೆ 2002ರ ನಂತರ ಇಲ್ಲಿ ಕಂಡುಬಂದಿಲ್ಲ. ಬಂದೂಕು ಹೋಗಿ ಕ್ಯಾಮರಾ ಬಂದ ಮಾತ್ರಕ್ಕೆ ಹಕ್ಕಿಗಳಿಗೆ ನೆಮ್ಮದಿಯಾಯಿತೆಂದು ತಿಳಿಯಬಾರದು. ಹಾರುವ ಚಿತ್ರ ಬೇಕೆಂದು ಕಲ್ಲೆಸೆದರೆ, ಕೂಗಿದರೆ, ದಾರಿ ಬಿಟ್ಟು ಜೌಗಿಗೆ ಇಳಿದರೆ, ಚಳಿಯಲ್ಲಿ ಅವು ಮೇದು ಕೂಡಿಸಿಕೊಂಡ ಶಕ್ತಿ ಸುಮ್ಮನೆ ವ್ಯರ್ಥವಾಗುತ್ತದೆ. ದೂರದಿಂದ ಹೊಟ್ಟೆಪಾಡಿಗೆ ಬಂದವರ ಕಷ್ಟವೇನೆಂಬುದು ನಮಗೆ ಯಾರೂ ಹೇಳಿಕೊಡಬೇಕಾಗಿಲ್ಲ.

ಭರತಪುರಕ್ಕೆ ಹೋಗುವ ಮೊದಲು ಮನೆಯ ಮಾಳಿಗೆಯಿಂದಲೇ ಅಭ್ಯಾಸ ಮಾಡಿ. ಮಂಜು ಬಿದ್ದ ಬೆಳಿಗ್ಗೆ ಒಂದೇ ದೃಶ್ಯವನ್ನು ಮೂರು ಸಲ ತೆಗೆಯಿರಿ: ಕ್ಯಾಮರಾ ತೋರಿಸಿದಂತೆ ಒಂದು, ಬೆಳಕನ್ನು ಸ್ವಲ್ಪ ಏರಿಸಿ ಒಂದು, ಇನ್ನೂ ಏರಿಸಿ ಮತ್ತೊಂದು. ಮೂರನ್ನೂ ಭಾನುವಾರ ವಾಚನಾಲಯಕ್ಕೆ ತನ್ನಿರಿ. ಯಾವುದನ್ನು ಊರಿಗೆ ಕಳುಹಿಸಬಹುದೆಂದು ಒಟ್ಟಿಗೆ ಕುಳಿತು ನೋಡೋಣ.