ಮನೆಯಲ್ಲೇ ಕಂಠದಾನದ ಅಭ್ಯಾಸ

ಕಂಠದಾನಕ್ಕೆ ಗಡಸು ದನಿಯೇ ಬೇಕೆಂದು ಹಿಂಜರಿಯುವವರು ಬಹಳ. ನಿಜಕ್ಕೂ ಬೇಕಾದದ್ದು ಮಾತಿನ ಒಳಾರ್ಥ ಹಿಡಿಯುವ ಕಿವಿ. ‘ಪೊಲೀಸ್ ಸ್ಟೋರಿ’ ಚಿತ್ರದಿಂದ ನಮ್ಮವರೇ ಆದ ನಟ ಸಾಯಿಕುಮಾರ್ ತೆಲುಗಿನಲ್ಲಿ ಸುಮನ್‌ಗೂ ರಾಜಶೇಖರ್‌ಗೂ ದನಿ ಕೊಟ್ಟವರು. ಒಂದೇ ಕಂಠ ಇಬ್ಬರು ನಾಯಕರಿಗೆ ಒಪ್ಪಿದ್ದು ಪಾತ್ರ ಅರಿತದ್ದರಿಂದ.

ಹಂತ 1: ದನಿ ಹದ ಮಾಡಿಕೊಳ್ಳಿ. ಉಗುರುಬೆಚ್ಚನೆ ನೀರು ಕುಡಿದು, ಬಾಯಿ ಮುಚ್ಚಿ ‘ಮ್’ ಎಂದು ಎರಡು ನಿಮಿಷ ಗುನುಗಿ. ತುಟಿ ಜುಮ್ಮೆನ್ನಬೇಕು. ಆಮೇಲೆ ನಾಲಿಗೆ ತೊಡರಿಸುವ ಸಾಲಿನ ತರೀಕೆರೆ ಏರಿಯ ಕರಿ ಕುರಿಮರಿಗಳನ್ನು ನಾಲಿಗೆಯ ಮೇಲೆ ಓಡಿಸಿ, ಮೊದಲು ನಿಧಾನವಾಗಿ.

ಹಂತ 2: ದಿನಾ ಹತ್ತು ನಿಮಿಷ ಪತ್ರಿಕೆಯನ್ನು ಗಟ್ಟಿಯಾಗಿ ಓದಿ. ‘ಹಾಡು’ ‘ಆಡು’ ಆಗದಿರಲಿ, ಲ-ಳ ಬೆರೆಯದಿರಲಿ. ಹಾಗೆಂದು ಮಂಡ್ಯದ್ದೋ ಧಾರವಾಡದ್ದೋ, ನಿಮ್ಮೂರ ಮಾತನ್ನು ಬಿಡಬೇಡಿ. ಅದನ್ನೇ ಕೇಳುವ ಪಾತ್ರಗಳಿವೆ.

ಹಂತ 3: ಹೆಚ್ಚು ಹೊತ್ತು ಇಲ್ಲೇ ಕಳೆಯಿರಿ. ‘ಈಗ ಬಂದ್ಯಾ?’ ಎಂಬ ಒಂದೇ ಮಾತು ತೆಗೆದುಕೊಳ್ಳಿ. ರಾತ್ರಿ ಹನ್ನೊಂದಕ್ಕೆ ಬಾಗಿಲು ತೆಗೆದ ಅಮ್ಮನಾದರೆ ಒತ್ತು ‘ಈಗ’ದ ಮೇಲೆ, ಕೊನೆ ಕೆಳಗಿಳಿಯುತ್ತದೆ. ದುಬೈಯಿಂದ ಬಂದ ಅಣ್ಣನನ್ನು ಕಂಡ ತಂಗಿಯಾದರೆ ‘ಬಂದ್ಯಾ’ ಮೇಲೇರುತ್ತದೆ. ಆಗ ನಿಜವಾಗಿ ನಗಿ, ತುಟಿ ಅರಳಿದರೆ ದನಿಯೂ ಬೇರೆಯಾಗುತ್ತದೆ. ಯಾರು, ಯಾರಿಗೆ, ಎಷ್ಟು ದೂರದಿಂದ ಹೇಳುತ್ತಿದ್ದಾರೆ ಎಂಬುದನ್ನು ಪ್ರತಿ ಸಾಲಿನ ಪಕ್ಕ ಬರೆದುಕೊಳ್ಳಿ. ಉಸಿರು ತೆಗೆದುಕೊಳ್ಳುವ ಕಡೆ ಪೆನ್ಸಿಲ್‌ನಲ್ಲಿ ಗೀಟು ಹಾಕಿ.

ಹಂತ 4: ರೆಕಾರ್ಡಿಂಗ್‌ಗೆ ಮೊಬೈಲ್ ಸಾಕು. ಫ್ಯಾನ್ ಆರಿಸಿ. ಬರಿ ಗೋಡೆಯ ಕೋಣೆ ಗುಂಯ್‌ಗುಡುತ್ತದೆ. ಹಾಸಿಗೆ, ಪರದೆ, ಬಟ್ಟೆ ಇರುವ ಕೋಣೆ ಒಳ್ಳೆಯದು. ಮೊಬೈಲ್ ಒಂದು ಗೇಣು ದೂರದಲ್ಲಿ, ಬಾಯಿಗೆ ಕೊಂಚ ಓರೆಯಾಗಿ ಇರಲಿ. ಇಲ್ಲದಿದ್ದರೆ ‘ಪ’, ‘ಭ’ಗಳ ಗಾಳಿ ನೇರ ಮೈಕಿಗೆ ಬಡಿಯುತ್ತದೆ.

ಹಂತ 5: ಈಗ ಡಬ್ಬಿಂಗ್. ಅರ್ಧ ನಿಮಿಷದ ದೃಶ್ಯವನ್ನು ಮ್ಯೂಟ್ ಮಾಡಿ, ನಟನ ತುಟಿ ಎಲ್ಲೆಲ್ಲಿ ಮುಚ್ಚುತ್ತದೆ ನೋಡಿ. ಅಲ್ಲಿ ‘ಪ’, ‘ಬ’, ‘ಮ’ಗಳಲ್ಲಿ ಒಂದು ಬೀಳಲೇಬೇಕು. ತಮಿಳಿನ ‘ಪೇಸಾದೆ’ಗೆ ‘ಸುಮ್ನಿರು’ ಅರ್ಥಕ್ಕೇನೋ ಸರಿ. ಆದರೆ ಅಲ್ಲಿ ತುಟಿ ಮುಚ್ಚಿ ಮಾತು ಶುರುವಾಗುತ್ತದೆ. ‘ಮಾತು ಸಾಕು’ ಎಂದು ನೋಡಿ: ಮೊದಲೇ ‘ಮ’ ಇದೆ, ನಡುವಿನ ‘ಸಾ’ ಕೂಡ ಹೊಂದುತ್ತದೆ. ಇಂಥ ಹುಡುಕಾಟದಲ್ಲಿ ಸಿಗುವ ಖುಷಿ ದೊಡ್ಡದು.

ಗಂಟಲು ನೋಯುವ ದಿನ ಕಿರುಚುವ ಪಾತ್ರ ಮುಟ್ಟಬೇಡಿ. ಸ್ಟುಡಿಯೋಗೆ ಕಳಿಸುವ ಮಾದರಿ ಒಂದು ನಿಮಿಷ ಮೀರದಿರಲಿ, ಹಿನ್ನೆಲೆ ಸಂಗೀತ ಬೇಡ. ನಿಮ್ಮ ಸಹಜ ದನಿಯ ಮಾತೇ ಮೊದಲು ಬರಲಿ.