ಬಾಯಿಯ ದುರ್ವಾಸನೆ: ಹೊಟ್ಟೆಯನ್ನು ದೂರಬೇಡಿ

‘ಬಾಯಿ ವಾಸನಿ ಬರತೈತ್ರಿ, ಹೊಟ್ಟಿ ಸ್ವಚ್ಛ ಆಗೂ ಗುಳಿಗಿ ಕೊಡ್ರಿ’ ಎಂದು ಕೇಳುವವರು ಹರ್ತಿ, ಗದಗಿನ ಕಡೆ ಬಹಳ. ಆದರೆ ಹತ್ತರಲ್ಲಿ ಎಂಟು-ಒಂಬತ್ತು ಜನರಲ್ಲಿ ಇದರ ಮೂಲ ಬಾಯಿಯೇ.

ರೊಟ್ಟಿಯೊಡನೆ ತಿಂದ ಹಸಿ ಉಳ್ಳಾಗಡ್ಡಿ, ಬೆಳ್ಳುಳ್ಳಿ ಚಟ್ನಿಯ ವಾಸನೆ ಒಂದೆರಡು ದಿನದಲ್ಲಿ ಹೋಗುತ್ತದೆ. ಸದಾ ಇರುವ ವಾಸನೆ ಬೇರೆ. ನಾಲಿಗೆಯ ಹಿಂಭಾಗದಲ್ಲಿ, ಹಲ್ಲಿನ ಸಂದಿಗಳಲ್ಲಿ ಬೆಳೆಯುವ ಬ್ಯಾಕ್ಟೀರಿಯಾಗಳು ಉಳಿದ ಆಹಾರವನ್ನು ಕೊಳೆಸಿ ಗಂಧಕದ ಅನಿಲ ಬಿಡುತ್ತವೆ.

ರಾತ್ರಿ ಮಲಗುವ ಮುನ್ನವೂ ಹಲ್ಲುಜ್ಜಿ. ನಾಲಿಗೆಯನ್ನು ಹಿಂದಿನಿಂದ ಮುಂದಕ್ಕೆ ಮೃದುವಾಗಿ ಕೆರೆಯಿರಿ. ಊಟದ ನಂತರ ಬಾಯಿ ಮುಕ್ಕಳಿಸಿ. ಬಾಯಿ ಒಣಗದಂತೆ ನೀರು ಕುಡಿಯಿರಿ. ಲವಂಗ, ಏಲಕ್ಕಿ ವಾಸನೆಯನ್ನು ಮುಚ್ಚುತ್ತವೆಯೇ ಹೊರತು ಗುಣಪಡಿಸುವುದಿಲ್ಲ.

ಎರಡು ವಾರದಲ್ಲಿ ಕಡಿಮೆಯಾಗದಿದ್ದರೆ ಅಥವಾ ವಸಡಿನಲ್ಲಿ ರಕ್ತ ಬಂದರೆ ದಂತವೈದ್ಯರಿಂದ ಹಲ್ಲು ಸ್ವಚ್ಛ ಮಾಡಿಸಿ. ಸಕ್ಕರೆ ಕಾಯಿಲೆಯ ಪರೀಕ್ಷೆಯೂ ಆಗಲಿ. ಮಗುವಿನ ಒಂದೇ ಮೂಗಿನ ಹೊಳ್ಳೆ ಸೋರಿ ನಾರುತ್ತಿದ್ದರೆ ಒಳಗೆ ಕಡಲೆಕಾಳು ಸಿಕ್ಕಿರಬಹುದು. ನೀವೇ ಕೀಳದೆ ವೈದ್ಯರಿಗೆ ತೋರಿಸಿ. ತಂಬಾಕು, ಗುಟಕಾ ಜಗಿಯುವವರಿಗೆ ಎರಡು-ಮೂರು ವಾರ ಮಾಯದ ಹುಣ್ಣಿದ್ದರೆ ಅದು ಕ್ಯಾನ್ಸರ್ ಇರಬಹುದು. ತಡಮಾಡದೆ ಗದಗಿನ ಜಿಮ್ಸ್ ಆಸ್ಪತ್ರೆಯಲ್ಲಾದರೂ ತೋರಿಸಿ.

ತನ್ನ ಬಾಯಿಯ ವಾಸನೆ ತನಗೆ ತಿಳಿಯುವುದು ಕಷ್ಟ. ಮನೆಯವರೇ ಮೆಲ್ಲಗೆ, ನಾಲ್ಕು ಜನರ ಎದುರಲ್ಲದೆ ಹೇಳಬೇಕು.